ಐದನೆಯ ಸಾಲು

“ಗುರುಗಳೇ, ಕಂಠದಲ್ಲಿ ಇರುವುದಕ್ಕೆ ಪುಸ್ತಕ ಯಾಕೆ?” ಎಂದು ಶಿಷ್ಯ ಕೇಳಿದ.

ಕೇಳಿದವನು ಫಣೀಂದ್ರ, ಹನ್ನೆರಡು ವರ್ಷ ಪಾಠ ಹೇಳಿಸಿಕೊಂಡವನು. ಕೇಳಿಸಿಕೊಂಡವರು ವಿರೂಪಾಕ್ಷ ಘನಪಾಠಿಗಳು. ವೇದದ ಪದಗಳನ್ನು ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ ಹೆಣೆದು ಹೇಳಬಲ್ಲವರನ್ನು ಘನಪಾಠಿ ಎನ್ನುತ್ತಾರೆ. ಇವರಂತೂ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲವರು. ಅಂಥವರು ಹಿಂದಿನ ದಿನ, ನಾಲ್ಕು ಊರಿನ ವಿದ್ವಾಂಸರು ಕೂತಿದ್ದ ಸಭೆಯಲ್ಲಿ, ಪೀಠದ ಮೇಲೆ ಪುಸ್ತಕ ತೆರೆದಿಟ್ಟು, ಫಣೀಂದ್ರನನ್ನು ಪುಸ್ತಕದ ಮುಂದೆಯೇ ಕೂರಿಸಿಕೊಂಡು ಪಾರಾಯಣ ಮಾಡಿದ್ದರು.

ಪುಸ್ತಕ ನೋಡಿ ಹೇಳುವವನು ಅಧಮ ಎಂದು ಆ ವಿದ್ಯೆಯಲ್ಲಿ ಒಂದು ಮಾತಿದೆ. ಸಭೆಯಲ್ಲಿ ಯಾರೋ ಮೆಲ್ಲಗೆ, ಎಂದರೆ ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ, “ನಮ್ಮ ಘನಪಾಠಿಗಳು ಈಗ ಪುಸ್ತಕಪಾಠಿಗಳು” ಎಂದಿದ್ದರು. ನಗು ಹಿಂದಿನ ಸಾಲಿನವರೆಗೂ ಹೋಗಿತ್ತು. ಘನಪಾಠಿಗಳೂ ನಕ್ಕಿದ್ದರು. ಫಣೀಂದ್ರನ ಕಿವಿ ಮಾತ್ರ ಆಗ ಬಿಸಿಯಾದದ್ದು ಬೆಳಗಾದರೂ ಆರಿರಲಿಲ್ಲ.

“ನಾಚಿಕೆಯಾಯಿತೇನಪ್ಪ?” ಎಂದು ಗುರುಗಳು ಕೇಳಿದರು.

“ನನಗೆಂದಲ್ಲ ಗುರುಗಳೇ. ನಿಮ್ಮ ಸಲುವಾಗಿ.”

“ಸರಿ. ಊಟ ಒಬ್ಬರ ಬದಲು ಇನ್ನೊಬ್ಬರು ಮಾಡುವುದಕ್ಕಾಗುವುದಿಲ್ಲ, ನಾಚಿಕೆ ಪಡಬಹುದು. ಕೂತುಕೋ. ವಿಮಾನ ಹಾರಿಸುವವನೊಬ್ಬನ ಕತೆ ಹೇಳುತ್ತೇನೆ.”

“ವಿಮಾನವೇ?”

“ಯಾಕೆ, ಪುಷ್ಪಕ ವಿಮಾನ ಆಗುತ್ತದೆ, ಇದು ಮೈಲಿಗೆಯೋ?” ಎಂದು ಗುರುಗಳು ಕತೆ ಶುರುಮಾಡಿದರು.

ಒಬ್ಬ ಕ್ಯಾಪ್ಟನ್ ಇದ್ದ. ವಿಮಾನದ ಮೂತಿಯಲ್ಲಿ ಒಂದು ಪುಟ್ಟ ಕೋಣೆ, ಅದರಲ್ಲಿ ಎರಡು ಕುರ್ಚಿ. ಎಡಗಡೆಯದು ಕ್ಯಾಪ್ಟನ್‌ನದು, ಬಲಗಡೆಯದು ಸಹಪೈಲಟ್‌ನದು. ಇವನು ಹದಿನಾಲ್ಕು ವರ್ಷದಿಂದ ಎಡಗಡೆ ಕೂತವನು.

ಅವನ ತಾತ ವೇದ ಹೇಳಿಕೊಡುತ್ತಿದ್ದವರು. ಐದನೆಯ ವರ್ಷದಿಂದ ಹನ್ನೆರಡರವರೆಗೆ ಮೊಮ್ಮಗನಿಗೆ ಬಾಯಿಪಾಠದ ಮೇಲೆ ಬಾಯಿಪಾಠ. ಕಣ್ಣು ಪುಸ್ತಕದ ಕಡೆಗೆ ಹೊರಳಿದರೆ ತೊಡೆ ಚಿವುಟುತ್ತಿದ್ದರು. ಆಮೇಲೆ ಹುಡುಗ ಇಂಗ್ಲಿಷ್ ಶಾಲೆಗೆ ಹೋದ, ಕಾಲೇಜಿಗೆ ಹೋದ, ಆಕಾಶಕ್ಕೂ ಹೋದ. ವೇದ ಬಿಟ್ಟುಹೋಯಿತು. ಬಾಯಿಪಾಠದ ಹೆಮ್ಮೆ ಬಿಟ್ಟುಹೋಗಲಿಲ್ಲ.

ಪೈಲಟ್‌ಗಳಿಗೂ ಒಂದು ಗ್ರಂಥವಿದೆ. ಆಕಾಶದಲ್ಲಿ ಏನೇನು ಕೆಡಬಹುದೋ ಅದಕ್ಕೆಲ್ಲ ಅದರಲ್ಲಿ ಒಂದೊಂದು ಪಟ್ಟಿ. ಇಂಜಿನ್ ನಿಂತರೆ ಒಂದು, ಚಕ್ರ ಇಳಿಯದಿದ್ದರೆ ಒಂದು, ಗಾಜು ಬಿರಿದರೆ ಒಂದು. ಮೊದಲು ಇದು ಮಾಡು, ಆಮೇಲೆ ಇದು ಮಾಡು ಎಂದು ಸಾಲಾಗಿ ಬರೆದಿರುತ್ತದೆ. ಮೊದಲ ಕೆಲವು ಸಾಲು ಬಾಯಿಗೆ ಬಂದಿರಲೇಬೇಕು. ಹೊಗೆ ಬಂದಾಗ ಮೂಗಿಗೆ ಮಾಸ್ಕ್ ಹಾಕಿಕೊಳ್ಳುವುದಕ್ಕೂ ಪುಟ ಹುಡುಕುತ್ತ ಕೂತರೆ ಆಯಿತೇ? ಆದರೆ ಅಲ್ಲಿಂದ ಮುಂದಿನದನ್ನು ಓದಿಯೇ ಮಾಡಬೇಕು. ಒಬ್ಬರು ಸಾಲು ಓದಬೇಕು. ಇನ್ನೊಬ್ಬರು ಆ ಗುಂಡಿಯನ್ನು ಕಣ್ಣಿಂದ ನೋಡಿ, ಕೈಯಿಂದ ಮುಟ್ಟಿ, ಉತ್ತರ ಹೇಳಬೇಕು. ಪಟ್ಟಿ ಮುಗಿಯುವವರೆಗೆ ಓದುವವರು ಪುಸ್ತಕ ಮುಚ್ಚಬಾರದು. ಇದು ಅವರ ಶಾಸ್ತ್ರ.

ನಮ್ಮ ಕ್ಯಾಪ್ಟನ್‌ಗೆ ಇಡೀ ಗ್ರಂಥ ಬಾಯಿಗೆ ಬರುತ್ತಿತ್ತು. ಕ್ಯಾಂಟೀನಿನಲ್ಲಿ ಚಿಕ್ಕವರು ಸುತ್ತ ಕೂತು, “ಸರ್, ನಲವತ್ತೊಂದನೇ ಪುಟ?” ಎನ್ನುತ್ತಿದ್ದರು. ಅವನು ಇಡ್ಲಿ ಮುರಿಯುತ್ತ ಆ ಪುಟ ಹೇಳಿ ಮುಗಿಸುತ್ತಿದ್ದ. “ಕ್ಯಾಪ್ಟನ್ ಗಂಟಲಲ್ಲೇ ಗ್ರಂಥ ಇದೆ ಕಣ್ರೋ” ಎಂದು ಅವರು ಹೇಳುವುದು ಅವನ ಕಿವಿಗೆ ಬೀಳುತ್ತಿತ್ತು. ಕೇಳಿಸಲಿಲ್ಲ ಎನ್ನುವ ಹಾಗೆ ಅವನು ಇನ್ನೊಂದು ಇಡ್ಲಿ ಹಾಕಿಸಿಕೊಳ್ಳುತ್ತಿದ್ದ.

ಹಾಗಿರುವಾಗ ಒಂದು ಬೆಳಿಗ್ಗೆ ಅವನ ಬಲಗಡೆಯ ಕುರ್ಚಿಗೆ ಒಬ್ಬ ಹುಡುಗಿ ಬಂದಳು. ಕೆಲಸಕ್ಕೆ ಸೇರಿ ಎರಡು ವರ್ಷ ತುಂಬುವುದಕ್ಕೆ ಒಂದು ತಿಂಗಳಿತ್ತು. ತುಂಬಿದರೆ ಕೆಲಸ ಕಾಯಂ. ಅವಳೂ ಕನ್ನಡದವಳೇ. ವಿಮಾನ ಏರುತ್ತಿದ್ದ ಹಾಗೆ ಅವಳು ಆ ಪುಸ್ತಕವನ್ನು ಪಕ್ಕದ ಗೂಡಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡಳು.

“ಏನಮ್ಮಾ ಅದು, ಮಗೂನ ಮಲಗಿಸಿಕೊಂಡ ಹಾಗೆ?” ಎಂದ ಕ್ಯಾಪ್ಟನ್.

“ಪುಸ್ತಕ ಸರ್. ಕೈಗೆ ಹತ್ತಿರ ಇರಲಿ ಅಂತ.”

“ಪುಸ್ತಕದ ಬದನೇಕಾಯಿ ಪಲ್ಯಕ್ಕೆ ಬರುತ್ತೇನಮ್ಮಾ?”

“ಬರಲ್ಲ ಸರ್. ಪಲ್ಯಕ್ಕೆ ಉಪ್ಪೆಷ್ಟು ಅಂತ ಅದರಲ್ಲೇ ಬರೆದಿರುತ್ತೆ.”

ಕ್ಯಾಪ್ಟನ್ ಜೋರಾಗಿ ನಕ್ಕ. ಹುಡುಗಿಯೂ ನಕ್ಕಳು. ಪುಸ್ತಕ ತೊಡೆಯ ಮೇಲೆಯೇ ಇತ್ತು.

ಅರ್ಧ ಗಂಟೆ ಕಳೆದಿರಬಹುದು. ಕೆಳಗೆ ಮೋಡ, ಹಿಂದೆ ಅರವತ್ತಾರು ಜನ. ತಂಪುಗಾಳಿ ಬರುವ ಕಿಂಡಿಯಿಂದ ಒಂದು ವಾಸನೆ ಬಂತು, ಕರಿದ ಎಣ್ಣೆ ಸೀದ ಹಾಗೆ. ಅದರ ಹಿಂದೆಯೇ ಹೊಗೆ.

ವಿಮಾನದಲ್ಲಿ ಹೊಗೆ ಎರಡು ಬಗೆ. ಇಂಜಿನ್ನಿನಿಂದ ಗಾಳಿ ತರುವ ಕೊಳವೆಯಲ್ಲಿ ಎಣ್ಣೆ ಸೇರಿ ಬರುವುದೊಂದು. ತಂತಿ ಸುಟ್ಟು ಬರುವುದೊಂದು. ಗಾಳಿಯ ಹೊಗೆಗೆ ಒಂದು ಪಟ್ಟಿ, ತಂತಿಯ ಹೊಗೆಗೆ ಒಂದು ಪಟ್ಟಿ. ಎರಡರಲ್ಲೂ ಮೊದಲ ನಾಲ್ಕು ಸಾಲು ಒಂದೇ. ಮಾಸ್ಕ್ ಹಾಕಿಕೋ, ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿದೆಯೇ ನೋಡು, ಒಳಗಿನ ಗಾಳಿಯನ್ನೇ ತಿರುಗಿಸುವ ಫ್ಯಾನು ಆರಿಸು, ಹಿಂದಿರುವ ಪರಿಚಾರಕರಿಗೆ ಹೇಳು. ಐದನೆಯ ಸಾಲಿನಲ್ಲಿ ದಾರಿ ಕವಲೊಡೆಯುತ್ತದೆ. ಗಾಳಿಯ ಹೊಗೆಯಾದರೆ, ಕೊಳವೆಯ ಬಾಗಿಲು ಮುಚ್ಚು. ತಂತಿಯ ಹೊಗೆಯಾದರೆ, ಜನರೇಟರ್ ಆರಿಸು.

ಕ್ಯಾಪ್ಟನ್ ಮೂಸಿದ ಕೂಡಲೇ “ಗಾಳಿ ಹೊಗೆ” ಎಂದ. ಸರಿಯಾಗಿಯೇ ಹೇಳಿದ. ಹುಡುಗಿ ಆ ಪುಟ ತೆರೆದು “ಓದಲಾ ಸರ್?” ಎಂದಳು. ಅವನು ಕಾಯಲಿಲ್ಲ. ಬಾಯಿ ಆಗಲೇ ಹೊರಟಿತ್ತು. ಒಂದು, ಎರಡು, ಮೂರು, ನಾಲ್ಕು. ಗಂಟೆ ಹೊಡೆದ ಹಾಗೆ ಸಾಲು ಬಂದವು, ಸಾಲಿನ ಜೊತೆ ಕೈ ಹೋಯಿತು. ಐದನೆಯ ಸಾಲಿನಲ್ಲಿ ಬಾಯಿ ಪಕ್ಕದ ಪಟ್ಟಿಗೆ ಜಾರಿತು.

ಇದನ್ನು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ ಫಣೀಂದ್ರ. ಎರಡು ಮಂತ್ರ ಒಂದೇ ಪದದಿಂದ ಶುರುವಾದರೆ ಏನಾಗುತ್ತದೆ ಎಂದು ನಿನ್ನ ನಾಲಿಗೆಗೆ ಗೊತ್ತು. ಮರೆತವನು ತಡವರಿಸುತ್ತಾನೆ. ತಾನು ಮರೆತೆ ಎಂದು ಅವನಿಗೆ ಗೊತ್ತಾಗುತ್ತದೆ, ಕೇಳಿದವರಿಗೂ ಗೊತ್ತಾಗುತ್ತದೆ. ಜಾರಿದವನು ತಡವರಿಸುವುದಿಲ್ಲ. ಸ್ವರ ಸರಿಯಾಗಿಯೇ ಇರುತ್ತದೆ, ಉಸಿರು ಸರಿಯಾಗಿಯೇ ಇರುತ್ತದೆ, ಇನ್ನೂ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತಾನೆ. ಅವನು ಬೇರೆ ಊರಿನ ದಾರಿ ಹಿಡಿದಿರುತ್ತಾನೆ, ಅಷ್ಟೇ.

ಕ್ಯಾಪ್ಟನ್ ಜನರೇಟರ್ ಆರಿಸಿದ. ಹುಡುಗಿಯ ಮುಂದಿದ್ದ ಪರದೆಗಳು ಕಪ್ಪಾದವು. ಹೊಗೆ ಕಿಂಡಿಯಿಂದ ಬರುತ್ತಲೇ ಇತ್ತು.

“ಸರ್, ಐದನೇ ಸಾಲು ಅದಲ್ಲ. ಪುಸ್ತಕದಲ್ಲಿ...”

“ಪುಸ್ತಕ ಮುಚ್ಚಮ್ಮಾ. ನನಗೆ ಗೊತ್ತು.”

ಹುಡುಗಿ ಒಂದು ಸಲ ಅವನ ಮುಖ ನೋಡಿದಳು. ಪುಸ್ತಕ ಮುಚ್ಚಿದಳು. ಗೂಡಿನಲ್ಲಿ ಇಟ್ಟಳು.

ಹೊಗೆ ಹೆಚ್ಚಿತು. ತಂತಿಯ ಹೊಗೆಯಾಗಿದ್ದರೆ ಇಷ್ಟು ಹೊತ್ತಿಗೆ ಕಡಿಮೆಯಾಗಬೇಕಿತ್ತು. ಅದಾಗಲಿಲ್ಲ. ಅಲ್ಲಯ್ಯಾ, ತಂತಿ ಎಂದವರು ಯಾರು, ನಾನೇ ಗಾಳಿ ಎಂದೆನಲ್ಲ ಎಂದು ಕ್ಯಾಪ್ಟನ್‌ನ ಒಳಗೆ ಏನೋ ಕುಟುಕಿತು. ಅವನು ಮನಸ್ಸಿನಲ್ಲೇ ಮೊದಲ ಸಾಲಿನಿಂದ ಮತ್ತೆ ಹೊರಟ. ಒಂದು, ಎರಡು, ಮೂರು, ನಾಲ್ಕು. ಐದನೆಯದು ಬಂತು: ಜನರೇಟರ್ ಆರಿಸು. ಮತ್ತೊಮ್ಮೆ ಹೊರಟ. ಮತ್ತೆ ಅದೇ ಬಂತು. ಹಿಂದಿನ ತಿಂಗಳು ಪರೀಕ್ಷೆಗೆಂದು ತಂತಿಯ ಹೊಗೆಯ ಪಟ್ಟಿಯನ್ನು ಇಪ್ಪತ್ತು ಸಲ ಹೇಳಿಕೊಂಡಿದ್ದ. ನಾಲಿಗೆಗೆ ಅದೇ ದಾರಿ ಬಿದ್ದಿತ್ತು. ಮೂಗುದಾರ ಎಷ್ಟು ಎಳೆದರೂ ಎತ್ತು ತನ್ನ ಕೊಟ್ಟಿಗೆಯ ಕಡೆಗೇ ನಡೆಯಿತು.

ಹಿಂದಿನಿಂದ ಪರಿಚಾರಕಿ ಫೋನಿನಲ್ಲಿ ಕೇಳಿದಳು. “ಸರ್, ಜನ ತುಂಬಾ ಕೆಮ್ತಿದಾರೆ. ಕೊನೇ ಸಾಲು ಕಾಣಿಸ್ತಾನೇ ಇಲ್ಲ. ಏನು ಹೇಳ್ಲಿ?”

“ನೋಡ್ತಾ ಇದೀವಿ ಅನ್ನಮ್ಮಾ,” ಎಂದ ಕ್ಯಾಪ್ಟನ್.

ಪುಸ್ತಕ ಒಂದು ಗೇಣು ದೂರದಲ್ಲಿತ್ತು. ‘ತೆರೆ’ ಎಂದರೆ ಆಗುತ್ತಿತ್ತು. ಎರಡೇ ಅಕ್ಷರ. ಇಡೀ ಗ್ರಂಥ ಇದ್ದ ಗಂಟಲಿನಲ್ಲಿ ಆ ಎರಡಕ್ಷರ ಇರಲಿಲ್ಲ. ಸಾವಿನ ಭಯ ಅವನಿಗೆ ಆಗ ಅಷ್ಟಾಗಿ ಇರಲಿಲ್ಲವಂತೆ. ಪಕ್ಕದಲ್ಲಿದ್ದ ಎರಡು ವರ್ಷವೂ ಹಾರದ ಹುಡುಗಿಗೆ, ಈಗ ತಾನೇ ‘ಮುಚ್ಚು’ ಎಂದವನು, ‘ತೆರೆ’ ಎನ್ನುವುದು ಹೇಗೆ ಎಂಬುದೇ ದೊಡ್ಡದಾಗಿತ್ತಂತೆ. ಒಂದು ನಿಮಿಷ ಹೋಯಿತು. ಎರಡಾಯಿತು. ಮೂರಾಯಿತು. ನಾಲ್ಕನೆಯ ನಿಮಿಷದಲ್ಲಿ, ಬಾಗಿಲಿನ ಆಚೆ, ಯಾರೋ ಹೆಂಗಸು “ಮಗೂಗೆ ಉಸಿರು ಕಟ್ತಿದೆ, ಯಾರಾದ್ರೂ ಬನ್ನಿ” ಎಂದು ಕೂಗಿದ್ದು ಮಾಸ್ಕಿನ ಒಳಗೂ ಕೇಳಿಸಿತು.

ಆಗಲೂ ಅವನು ‘ತೆರೆ’ ಎನ್ನಲಿಲ್ಲ. ಏನೆಂದ ಗೊತ್ತೇ? “ಆಗ ನೀನೇನೋ ಅಂದೆಯಲ್ಲಮ್ಮಾ, ಏನದು?” ಎಂದ. ಸಂತೆಯಲ್ಲಿ ದರ ಕೇಳಿದ ಹಾಗೆ, ಎದುರಿನ ಗಾಜು ನೋಡಿಕೊಂಡು.

“ಪುಸ್ತಕ ತೆರೀಲಾ ಸರ್?”

“ಹೂಂ.”

ಅವಳು ಮೊದಲ ಸಾಲಿನಿಂದ ಓದಿದಳು.

“ಅದೆಲ್ಲ ಆಗಿದೆಯಲ್ಲ, ಮುಂದಕ್ಕೆ ಹೋಗು.”

“ಮೊದಲಿಂದಲೇ ಓದಬೇಕು ಸರ್.”

ಅವನು ಒಂದೊಂದು ಸಾಲಿಗೂ ಒಂದೊಂದು ಗುಂಡಿ ಮುಟ್ಟಿದ. ಐದನೆಯ ಸಾಲು ಬಂತು. ಕೊಳವೆಯ ಬಾಗಿಲು ಮುಚ್ಚಿದ. ಹೊಗೆ ತೆಳುವಾಯಿತು. ಅವಳು ಜನರೇಟರ್‌ನ ಪುಟ ತೆರೆದು ಓದಿದ ಹಾಗೆಯೇ ಅದನ್ನು ಮತ್ತೆ ಹಚ್ಚಿದ, ಪರದೆಗಳು ಬೆಳಗಿದವು. ಇಪ್ಪತ್ತು ನಿಮಿಷದಲ್ಲಿ ಹತ್ತಿರದ ನಿಲ್ದಾಣದಲ್ಲಿ ಇಳಿದರು. ಮಗು ಉಳಿಯಿತು. ಎಲ್ಲರೂ ಉಳಿದರು.

ಕತೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು, ಅಲ್ಲವೇ? ನಾಚಿಕೆ ಶುರುವಾಗುವುದು ನೆಲಕ್ಕೆ ಇಳಿದ ಮೇಲೆ.

ಇಳಿದ ಜನ ಕ್ಯಾಪ್ಟನ್‌ನ ಕೈ ಹಿಡಿದುಕೊಂಡರು. ಒಬ್ಬ ಅಜ್ಜಿ ಅವನ ಗಲ್ಲ ಸವರಿ ನೆಟಿಗೆ ಮುರಿದು, “ನಿನ್ನ ಹೆತ್ತ ಹೊಟ್ಟೆ ತಣ್ಣಗಿರಲಿ ಕಣಪ್ಪ” ಎಂದಳು. ಹುಡುಗಿ ಹಿಂದೆ ನಿಂತಿದ್ದಳು. ಅವಳನ್ನು ಪರಿಚಾರಕಿ ಎಂದುಕೊಂಡು ಯಾರೋ, ನೀರಿದೆಯಾ ಎಂದು ಕೇಳಿದರು. ಅವಳು ತಂದುಕೊಟ್ಟಳು.

ಆ ಸಂಜೆ ಕ್ಯಾಪ್ಟನ್ ವರದಿ ಬರೆಯಬೇಕಾಯಿತು. ‘ಹೊಗೆ ಕಾಣಿಸಿಕೊಂಡಿತು. ಪಟ್ಟಿಯಂತೆ ಕ್ರಮ ಕೈಗೊಳ್ಳಲಾಯಿತು. ಜನರೇಟರ್ ಆರಿಸಲಾಯಿತು. ಬಳಿಕ ಸರಿಪಡಿಸಲಾಯಿತು.’ ವ್ಯಾಕರಣ ಓದಿದವನು ನೀನು, ನೋಡು. ನಾಲ್ಕು ವಾಕ್ಯ, ಒಂದಕ್ಕೂ ಕರ್ತೃವಿಲ್ಲ. ಹೊಗೆ ಬಿಟ್ಟರೆ ಆ ವಿಮಾನದಲ್ಲಿ ಏನನ್ನಾದರೂ ಮಾಡಿದವರೇ ಯಾರೂ ಇಲ್ಲ. ಸುಳ್ಳು ಒಂದಕ್ಷರವೂ ಇಲ್ಲ. ಬರೆಯುವಾಗ ಅವನಿಗೆ ಸಮಾಧಾನವೇ ಆಯಿತಂತೆ.

ವಿಚಾರಣೆಗೆ ಮೂವರು ಕೂತರು. ವಿಮಾನದಲ್ಲಿ ಗುಂಡಿ ಒತ್ತಿದ್ದನ್ನೆಲ್ಲ ಬರೆದಿಟ್ಟುಕೊಳ್ಳುವ ಯಂತ್ರವಿದೆ. ಜನರೇಟರ್ ನಾಲ್ಕು ನಿಮಿಷ ಆರಿತ್ತು ಎಂದು ಅದು ಹೇಳಿತು. ಮಾತು ಹಿಡಿದಿಡುವ ಯಂತ್ರವೂ ಇದೆ, ಆದರೆ ಅದು ಹೊಸ ಮಾತು ಬಂದ ಹಾಗೆ ಹಳೆಯದನ್ನು ಅಳಿಸುತ್ತ ಹೋಗುತ್ತದೆ. ಇಳಿದ ಮೇಲೆ ಅದನ್ನು ಯಾರೂ ಆರಿಸಿರಲಿಲ್ಲ. ಕೇಳಿದಾಗ ಸಿಕ್ಕಿದ್ದು ರಿಪೇರಿಯವರು ಯಾರ ಮನೆಯ ಮದುವೆಯಲ್ಲಿ ಹೋಳಿಗೆ ಸಾಲದೆ ಹೋಯಿತು ಎಂದು ಆಡಿಕೊಂಡ ಮಾತು.

“ಗಾಳಿ ಹೊಗೆಗೆ ಜನರೇಟರ್ ಯಾಕೆ ಆರಿಸಿದಿರಿ?” ಎಂದು ಕೇಳಿದರು.

“ಪಟ್ಟಿಯಲ್ಲಿ ಹಾಗೆ ಬಂತು,” ಎಂದ ಕ್ಯಾಪ್ಟನ್.

ಬಂತು. ಯಾರ ಬಾಯಲ್ಲಿ ಬಂತು ಎಂದು ಅವರು ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ. ಪಟ್ಟಿ ಓದುವವಳು ಹುಡುಗಿ. ಕ್ಯಾಪ್ಟನ್‌ಗಂತೂ ಗ್ರಂಥ ಗಂಟಲಲ್ಲಿದೆ ಎಂದು ಊರಿಗೇ ಗೊತ್ತು. ಹಾಗಾದರೆ ಅವಳು ತಪ್ಪು ಪುಟ ತೆರೆದು ಓದಿರಬೇಕು. ಅವಳನ್ನು ಕೇಳಿದರು. “ನನ್ನಿಂದಲೂ ತಪ್ಪಾಗಿದೆ ಸರ್” ಎಂದಳು. ಏನು ತಪ್ಪು ಎಂದರೆ ತಲೆ ತಗ್ಗಿಸಿದಳು. ಅವರು ಬರೆದುಕೊಂಡರು. ತೀರ್ಪು ಬರುವವರೆಗೆ ಹಾರುವ ಹಾಗಿಲ್ಲ ಎಂದು ಅವಳಿಗೆ ಕಾಗದ ಬಂತು. ತಪ್ಪು ಪುಟ ಓದಿದವಳು ಎಂದು ಒಂದು ಸಲ ತೀರ್ಪಾಯಿತೋ, ಕೆಲಸ ಕಾಯಂ ಆಗುವುದು ಹಾಗಿರಲಿ, ಇನ್ನೆಲ್ಲೂ ಅವಳನ್ನು ಆ ಕುರ್ಚಿಗೆ ಕೂರಿಸುತ್ತಿರಲಿಲ್ಲ.

ಆ ಕಾಗದ ಬಂದ ವಾರವೇ ಕ್ಯಾಪ್ಟನ್‌ಗೆ ಅವನ ಬಡಾವಣೆಯವರು ಸನ್ಮಾನ ಇಟ್ಟುಕೊಂಡರು. ಪೇಟ, ಶಾಲು, ತಟ್ಟೆ ತುಂಬ ಹಣ್ಣು. ಭಾಷಣ ಮಾಡಿದವರು, “ಇವರಿಗೆ ಪುಸ್ತಕವೇ ಬೇಡ ಸ್ವಾಮೀ, ಎಲ್ಲ ಇಲ್ಲಿದೆ” ಎಂದು ತಮ್ಮ ಗಂಟಲು ಮುಟ್ಟಿ ತೋರಿಸಿದರು. ಜನ ಚಪ್ಪಾಳೆ ತಟ್ಟಿದರು. ಪೇಟ ಒಂದು ಸುತ್ತು ದೊಡ್ಡದಾಗಿತ್ತು, ಹುಬ್ಬಿನವರೆಗೆ ಇಳಿಯುತ್ತಿತ್ತು. ಅದು ಅಲ್ಲೇ ಇರಲಿ ಎಂದು ಅವನು ಬಿಟ್ಟ. ಕಣ್ಣು ಯಾರಿಗೂ ಕಾಣುವುದು ಬೇಡವಾಗಿತ್ತು.

ಮನೆಗೆ ಬಂದು ಶಾಲು ಕಳಚದೆ ಹಾಗೇ ಕೂತ. ಹೆಂಡತಿ ಕೇಳಿದಳು, “ಆ ಹುಡುಗಿ ಬಂದಿರಲಿಲ್ವೇ? ಅವಳೂ ನಿಮ್ಮ ಜೊತೇಲೇ ಇದ್ದಳಲ್ಲ.” ಅವನು “ಅವಳು ಡ್ಯೂಟಿಗೆ ಹೋಗಿದ್ದಾಳೆ” ಎಂದ. ಕರ್ತೃ ಇದ್ದ ಮೊದಲ ವಾಕ್ಯ ಅದು. ಅದು ಪೂರಾ ಸುಳ್ಳು.

ಮಾರನೆಯ ದಿನ ಅವನು ಹುಡುಗಿಯ ಮನೆ ಹುಡುಕಿಕೊಂಡು ಹೋದ. ಮೂರನೆಯ ಮಹಡಿಯಲ್ಲಿ ಅವಳೂ ಅವಳ ತಾಯಿಯೂ ಇದ್ದರು. ತಾಯಿ ಅವನಿಗೆ ಕುರ್ಚಿ ಒರೆಸಿ ಹಾಕಿದರು. “ನೀವಿದ್ದಿದ್ದಕ್ಕೆ ನನ್ನ ಮಗಳು ಉಳಿದಳು ಸ್ವಾಮಿ. ಅವಳೇನೋ ತಪ್ಪು ಮಾಡಿದಳಂತೆ. ಚಿಕ್ಕವಳು, ನೀವೇ ಒಂದು ಮಾತು ಹೇಳಿ ಕಾಪಾಡಬೇಕು” ಎಂದು ಕೈಮುಗಿದರು. ಕಾಫಿ ತರುತ್ತೇನೆಂದು ಒಳಗೆ ಹೋದರು.

ಕ್ಯಾಪ್ಟನ್ ನೆಲ ನೋಡುತ್ತ ಕೇಳಿದ. “ಅಮ್ಮನಿಗೂ ಹೇಳಿಲ್ಲವೇನಮ್ಮಾ?”

“ಏನಂತ ಹೇಳ್ಲಿ ಸರ್?”

“ನಾನು ಮುಚ್ಚು ಅಂದೆ ಅಂತ. ವಿಚಾರಣೆಯಲ್ಲಿ ಯಾಕೆ ಬಾಯಿ ಬಿಡಲಿಲ್ಲ? ಒಂದು ಮಾತು ಅಂದಿದ್ದರೆ ಆಗಿತ್ತು.”

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

“ಮುಚ್ಚು ಅಂದಿದ್ದು ನೀವು ಸರ್. ಮುಚ್ಚಿದ ಕೈ ನನ್ನದು. ನೀವು ತಪ್ಪಿದ್ದು ನಿಮಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಹಿಂದೆ ಅರವತ್ತಾರು ಜನ ಕೆಮ್ತಿದ್ರು. ನಾನು ನಿಮ್ಮ ಮರ್ಯಾದೆ ನೋಡಿಕೊಂಡು ಕೂತೆ. ಅದನ್ನ ಯಾವ ಬಾಯಲ್ಲಿ ಹೇಳಲಿ?”

ಅವನು ಕಾಫಿ ಕುಡಿಯಲಿಲ್ಲ. ಮೂರು ಮಹಡಿ ಇಳಿಯುವಾಗ ಮೆಟ್ಟಿಲು ಕಾಣಿಸದೆ ಗೋಡೆ ಹಿಡಿದುಕೊಂಡನಂತೆ. ಈ ಹುಡುಗಿ ಪುಸ್ತಕ ಮುಚ್ಚುವ ಹಾಗೆ ಮಾಡಿದ್ದು ಆ ಒಂದು ಮಾತಲ್ಲ ಎಂದು ಅವನಿಗೆ ಆಗ ಹೊಳೆಯಿತು. ಕ್ಯಾಂಟೀನಿನಲ್ಲಿ ಹೇಳಿದ ಒಂದೊಂದು ಪುಟವೂ ಅವಳ ಬಾಯಿಯ ಮೇಲೆ ಒಂದೊಂದು ಕಲ್ಲಾಗಿ ಕೂತಿತ್ತು.

ಸೋಮವಾರ ಅವನು ಆ ಮೂವರ ಮುಂದೆ ಹೋಗಿ ನಿಂತ. ಕೂರಿ ಎಂದರು. ಕೂರಲಿಲ್ಲ.

“ಜನರೇಟರ್ ಆರಿಸಿದವನು ನಾನು. ಓದದೆ ಆರಿಸಿದೆ. ಆಕೆ ಸರಿಯಾದ ಪುಟ ತೆರೆದಿದ್ದಳು. ತಪ್ಪು ಎಂದಳು. ಮುಚ್ಚು ಎಂದವನು ನಾನು. ನಾಲ್ಕು ನಿಮಿಷ ತೆರೆ ಎನ್ನದೆ ಕೂತವನೂ ನಾನು.”

ಅವರಲ್ಲಿ ಒಬ್ಬರು ಅವನ ಜೊತೆಯೇ ಕಲಿತವರು. “ಅಲ್ಲಯ್ಯಾ, ನಿನಗೆ ಬಾರದ ಪುಟವೇ?” ಎಂದರು.

ಎಡಗಡೆಯ ಕುರ್ಚಿ ಹೋಯಿತು. ಎರಡು ವರ್ಷ ಬಲಗಡೆ ಕೂತು, ತನಗಿಂತ ಚಿಕ್ಕವರಿಗೆ ಪಟ್ಟಿ ಓದಬೇಕು ಎಂದು ತೀರ್ಪಾಯಿತು. ಹುಡುಗಿಯ ಮೇಲಿದ್ದ ತಪ್ಪು ಪುಟದ ಆರೋಪ ಹೋಯಿತು. ಪಟ್ಟಿ ಮುಗಿಯದೆ ಪುಸ್ತಕ ಮುಚ್ಚಿದ್ದಕ್ಕೆ ಅವಳಿಗೂ ಒಂದು ತಿಂಗಳ ಶಿಕ್ಷೆ ಆಯಿತು. ಅದು ನ್ಯಾಯವೇ ಎಂದು ಅವಳೇ ಹೇಳಿದಳಂತೆ. ತಿಂಗಳು ಕಳೆದು ಅವಳು ಮತ್ತೆ ಹಾರಿದಳು. ಕ್ಯಾಂಟೀನಿನಲ್ಲಿ ಈಗ ಕ್ಯಾಪ್ಟನ್ ಬಂದರೆ ಚಿಕ್ಕವರು ಮಾತು ನಿಲ್ಲಿಸುತ್ತಿದ್ದರು. ಅವನು ಮೂಲೆಯಲ್ಲಿ ಕೂತು ತಿಂದು ಎದ್ದು ಹೋಗುತ್ತಿದ್ದ.

ಆ ದಿನಗಳಲ್ಲೇ ಒಂದು ಸಲ ಅವನು ಇಲ್ಲಿಗೆ ಬಂದ. ಅವನ ತಾತ ಪಾಠ ಹೇಳುತ್ತಿದ್ದದ್ದು ಈ ಪಡಸಾಲೆಯಲ್ಲೇ. ಇದನ್ನೆಲ್ಲ ನನ್ನ ಮುಂದೆ ಹೇಳಿಕೊಂಡು, ಇದಕ್ಕೊಂದು ಪ್ರಾಯಶ್ಚಿತ್ತ ಹೇಳಿ ಎಂದು ಕೇಳಿದ. ಬಾಯಿಪಾಠವನ್ನೇ ದೇವರೆಂದುಕೊಂಡ ಮನೆಯಲ್ಲಿ ಬೆಳೆದವನಿಗೆ, ಬಾಯಿಪಾಠದಿಂದಲೇ ಆದ ಪಾಪಕ್ಕೆ ನಾನೇನು ಹೇಳಲಿ? ಅವನ ತಾತನ ಮುಂದೆ ಕೂತು ಕಲಿತವನು ನಾನು. ನನ್ನ ತೊಡೆಯನ್ನೂ ಅದೇ ಬೆರಳು ಚಿವುಟಿತ್ತು. ನಾನೂ ಎಷ್ಟು ಶಿಷ್ಯರನ್ನು ‘ಸುಮ್ಮನಿರು, ನನಗೆ ಗೊತ್ತು’ ಎಂದು ಅಡಗಿಸಿದ್ದೆನೋ, ಆ ಮುಖಗಳೆಲ್ಲ ಒಂದೊಂದಾಗಿ ಎದುರಿಗೆ ಬಂದು ಕೂತವು. ಅವನಿಗೆ ಊಟ ಹಾಕಿಸಿ ಕಳಿಸಿದೆ. ಮರುದಿನದಿಂದ ನಾನು ಪುಸ್ತಕ ತೆರೆದಿಟ್ಟುಕೊಂಡು ಕೂರುವುದಕ್ಕೆ ಶುರುಮಾಡಿದೆ.

ಗುರುಗಳು ಕತೆ ನಿಲ್ಲಿಸಿದರು. ಫಣೀಂದ್ರನ ಮುಖ ಹಗುರವಾಗಿತ್ತು. ಅವನಿಗೆ ಉತ್ತರ ಸಿಕ್ಕಿತ್ತು.

“ತಿಳಿಯಿತು ಗುರುಗಳೇ. ಎಷ್ಟೇ ಬಾಯಿಗೆ ಬಂದರೂ ಜಾರುವುದು ತಪ್ಪಿದ್ದಲ್ಲ. ಆ ಕ್ಯಾಪ್ಟನ್ ತಾನೇ ಪುಸ್ತಕ ನೋಡಿಕೊಂಡಿದ್ದರೆ ಆಗಿತ್ತು. ನೀವು ನೋಡಿಕೊಳ್ಳುತ್ತೀರಿ. ಇನ್ನು ಯಾರಾದರೂ ನಕ್ಕರೆ ನಾನು ಇದನ್ನೇ ಹೇಳುತ್ತೇನೆ.”

“ನಾನು ನೋಡಿಕೊಳ್ಳುತ್ತೇನೆಯೇ? ಈ ಕಣ್ಣಿಗೆ ಆ ಅಕ್ಷರ ಕಾಣದೆ ಮೂರು ವರ್ಷವಾಯಿತು ಮಗು.”

ಫಣೀಂದ್ರ ಗುರುಗಳ ಮುಖ ನೋಡಿದ.

“ನಿನ್ನೆ ಸಭೆಯಲ್ಲಿ ನಾನು ಒಂದು ಕಡೆ ಜಾರಿದೆ,” ಎಂದರು ಗುರುಗಳು. “ಎರಡು ಮಂತ್ರ ಒಂದೇ ಹಾಗೆ ಶುರುವಾಗುವ ಜಾಗ. ಬೆಳಿಗ್ಗೆ ಸ್ನಾನ ಮಾಡುವಾಗ ನನಗೆ ಹೊಳೆಯಿತು. ನಿನಗೆ ಯಾವಾಗ ಗೊತ್ತಾಯಿತು?”

ಫಣೀಂದ್ರನ ಕಿವಿ ಮತ್ತೆ ಬಿಸಿಯಾಯಿತು. ಈ ಸಲ ಅದು ಬೇರೆ ಯಾರ ಸಲುವಾಗಿಯೂ ಅಲ್ಲ.

“ಆಗಲೇ ಗೊತ್ತಾಯಿತು ಗುರುಗಳೇ. ಪುಟ ನನ್ನೆದುರಿಗೇ ಇತ್ತು. ಆದರೆ ಅಷ್ಟು ಜನರ ಮುಂದೆ ನಿಮ್ಮನ್ನು ಹೇಗೆ...”

“ಪುಸ್ತಕ ತೆರೆದಿಟ್ಟದ್ದು ನನ್ನ ಕಣ್ಣಿಗಲ್ಲಪ್ಪ, ನಿನ್ನ ಬಾಯಿಗೆ.”